ಹರಕೆಯ ಪಟ್ಟಿಯಲ್ಲಿ ಇಲ್ಲದ ನೋವು

ಸೆಪ್ಟೆಂಬರ್ 8ರ ಹಬ್ಬ ಹತ್ತಿರ ಬಂತೆಂದರೆ ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಜನ ಹರಿದುಬರುತ್ತಾರೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಧರ್ಮದವರೂ ಬರುತ್ತಾರೆ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ, ಮೈನರ್ ಬೆಸಿಲಿಕಾ ಎಂಬ ಗೌರವ ಪಡೆದ ದೇವಾಲಯ ಅದು. ಅಲ್ಲಿ ಮೇಣದಬತ್ತಿ ಹಚ್ಚಿ ನಿಂತವರ ಬೇಡಿಕೆಗಳೆಲ್ಲ ಹೆಚ್ಚಾಗಿ ದೇಹದವು, ಸಂಸಾರದವು: ಮಂಡಿನೋವು, ಸಕ್ಕರೆ ಕಾಯಿಲೆ, ನಿಲ್ಲದ ಗರ್ಭ, ಬಿಡದ ಕುಡಿತ. ಮಕ್ಕಳ ಹೆಸರಿನಲ್ಲಿ ಹೊರುವ ಹರಕೆ ಪರೀಕ್ಷೆಗೆ, ಸೀಟಿಗೆ, ನೌಕರಿಗೆ. ಹದಿನಾರರ ಮಗಳು ಮೂರು ತಿಂಗಳಿಂದ ನಗುತ್ತಿಲ್ಲ, ರಾತ್ರಿ ಮಲಗುತ್ತಿಲ್ಲ, ಬದುಕೇ ಸಾಕಾಗಿದೆ ಅನ್ನುತ್ತಿದ್ದಾಳೆ ಎಂಬ ಮಾತು ಅಮ್ಮನ ಗಂಟಲು ದಾಟಿ ಹೊರಬರುವುದಿಲ್ಲ. ಪಕ್ಕದಲ್ಲಿ ನಿಂತವರು ಕೇಳಿಸಿಕೊಂಡರೆ?

ಆರೋಗ್ಯದ ಹೆಸರನ್ನೇ ಹೊತ್ತ ತಾಯಿಯ ಎದುರು ಹೇಳಲಾಗದ ಅನಾರೋಗ್ಯ ಇದೊಂದೇ. ಇದು ಹೀಗೇಕೆ, ಈ ವಿಷಯದಲ್ಲಿ ಕ್ರೈಸ್ತ ವಿಶ್ವಾಸ ಹದಿಹರೆಯದ ಮಗುವಿಗೆ ಯಾವಾಗ ಆಸರೆ, ಯಾವಾಗ ಹೊರೆ ಎಂಬುದನ್ನು ಬಿಡಿಸಿ ನೋಡಬೇಕಾದ ಕಾಲ ಬಂದಿದೆ.

ಕುಕ್ಕುವಾಡವನ್ನೇ ತೆಗೆದುಕೊಳ್ಳಿ. ದಾವಣಗೆರೆ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಭದ್ರಾ ನಾಲೆಯ ನೀರು, ಭತ್ತ, ಕಬ್ಬು. ಇಂಥ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಪಿಯುಸಿಗೆ ದಾವಣಗೆರೆಯ ಬಸ್ಸು ಹತ್ತುತ್ತಾರೆ, ಇಲ್ಲವೇ ಹಾಸ್ಟೆಲ್ ಸೇರುತ್ತಾರೆ. ನಿನ್ನೆಯವರೆಗೆ ಊರ ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗ ಇಂದು ನೂರಾರು ಜಾಣರ ನಡುವೆ ಲೆಕ್ಕಕ್ಕಿಲ್ಲದವನು. ಪಾಠ ಇಂಗ್ಲಿಷಿನಲ್ಲಿ, ಬೆಳಗಿನ ಐದಕ್ಕೇ ಸ್ಟಡಿ, ವಾರಕ್ಕೊಂದು ಟೆಸ್ಟು. ಆ ಹುಡುಗ ಕ್ರೈಸ್ತ ಮನೆಯವನಾದರೆ ಇನ್ನೊಂದು ಬಗೆಯ ಒಂಟಿತನವೂ ಜೊತೆಗೂಡುತ್ತದೆ. ತರಗತಿಯಲ್ಲಿ ತನ್ನ ಧರ್ಮದವನು ಬಹುಶಃ ತಾನೊಬ್ಬನೇ. ಚರ್ಚಿನಲ್ಲಾದರೆ ಎಲ್ಲರಿಗೂ ಎಲ್ಲರೂ ಗೊತ್ತು. ಇಂದು ಬಾಯಿಬಿಟ್ಟ ಮಾತು ಮುಂದಿನ ಭಾನುವಾರದೊಳಗೆ ಎಲ್ಲರ ಮನೆ ಸೇರಿರುತ್ತದೆ. ಒಂದು ಕಡೆ ಯಾರೂ ಇಲ್ಲ, ಇನ್ನೊಂದು ಕಡೆ ಎಲ್ಲರೂ ಇದ್ದಾರೆ. ಎರಡೂ ಕಡೆ ಹೇಳಿಕೊಳ್ಳಲು ಜಾಗವಿಲ್ಲ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇದೆ ಎಂದು ಕಂಡುಕೊಂಡಿತು. ಜಗತ್ತಿನ ಮಟ್ಟದಲ್ಲಿ 10ರಿಂದ 19ರ ವಯಸ್ಸಿನ ಏಳು ಜನರಲ್ಲಿ ಒಬ್ಬರು ಇಂಥ ತೊಂದರೆಯಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾವ ಲೆಕ್ಕ ಹಿಡಿದರೂ ನಲವತ್ತು ಮಕ್ಕಳ ಸಂಡೇ ಸ್ಕೂಲಿನಲ್ಲಿ ಮೂವರಾದರೂ ಇರುತ್ತಾರೆ. ಅವರಲ್ಲಿ ಒಬ್ಬಳು ಗಾಯನವೃಂದದ ಮುಂದಿನ ಸಾಲಿನಲ್ಲೇ ನಿಂತು ಹಾಡುತ್ತಿರಬಹುದು.

ಹಿರಿಯರು ಗುರುತಿಸಲು ಸೋಲುವುದಕ್ಕೆ ಕಾರಣವಿದೆ. ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂದು ನಾವು ತಿಳಿದಿದ್ದೇವೆ. ಹದಿಹರೆಯದಲ್ಲಿ ಅದು ಅನೇಕ ಸಲ ಸಿಟ್ಟಾಗಿ ಬರುತ್ತದೆ. ಮಾತಿಗೆ ಮುಂಚೆ ರೇಗುವುದು, ಬಾಗಿಲು ಧಡಾರನೆ ಹಾಕಿಕೊಳ್ಳುವುದು, ಇಷ್ಟದ ಕ್ರಿಕೆಟ್ಟನ್ನೂ ಬಿಟ್ಟುಬಿಡುವುದು, ತಲೆನೋವು, ಹೊಟ್ಟೆನೋವು ಎಂದು ಮೇಲಿಂದ ಮೇಲೆ ರಜೆ ಹಾಕುವುದು. ನಿದ್ದೆ ಕೆಡುತ್ತದೆ, ಅಂಕ ಇಳಿಯುತ್ತದೆ. ಎರಡು ವಾರ ದಾಟಿಯೂ ಇದು ದಿನವಿಡೀ ಹೀಗೇ ಮುಂದುವರಿದರೆ ವಯಸ್ಸಿನ ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ. ಆದರೆ ಮನೆಯಲ್ಲಿ ಕೇಳಿಬರುವ ಮಾತು ಬೇರೆ: "ಏನಾಗೈತೆ ನಿಂಗೆ? ಉಣ್ಣಾಕೆ ಐತೆ, ಉಡಾಕೆ ಐತೆ. ಬೈಬಲ್ ಹಿಡಿಯೋದು ಬಿಟ್ಟು ಮೊಬೈಲ್ ಹಿಡಿದ್ರೆ ಇನ್ನೇನಾಗ್ತೈತೆ?"

ಈ ಮಾತಿನ ಹಿಂದೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅದು ಮಗುವಿನ ಕಿವಿಯಲ್ಲಿ ಇನ್ನೊಂದೇ ಆಗಿ ಮೊಳಗುತ್ತದೆ. ನೋವು ಮೊದಲೇ ಇತ್ತು. ಈಗ ಆ ನೋವೇ ತನ್ನ ಪಾಪಕ್ಕೆ ಸಾಕ್ಷಿ ಎಂಬ ಭಾವವೂ ಬಂತು. ವಿಶ್ವಾಸ ಕಡಿಮೆಯಾಗಿರುವುದರಿಂದ ಹೀಗಾಯಿತು, ವಿಶ್ವಾಸ ಇದ್ದಿದ್ದರೆ ಪ್ರಾರ್ಥನೆಗೆ ಉತ್ತರ ಬರುತ್ತಿತ್ತು, ಬಂದಿಲ್ಲವೆಂದರೆ ದೇವರಿಗೂ ನಾನು ಬೇಡವಾದೆ. ಖಿನ್ನತೆಯಲ್ಲಿರುವ ಮಗು ಈ ಮೂರು ಮೆಟ್ಟಿಲನ್ನು ಒಂದೇ ರಾತ್ರಿಯಲ್ಲಿ ಇಳಿದುಬಿಡಬಲ್ಲದು.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದನ್ನೇ. ಕಷ್ಟ ಬಂದಾಗ ಜನ ಧರ್ಮವನ್ನು ಎರಡು ರೀತಿಯಲ್ಲಿ ಹಿಡಿಯುತ್ತಾರೆ ಎಂದು ಅವರು ತೋರಿಸಿದರು. ದೇವರು ನನ್ನ ಜೊತೆಗಿದ್ದಾನೆ, ಸಭೆಯವರು ನನ್ನ ಕೈ ಬಿಡುವುದಿಲ್ಲ ಎಂದು ನಂಬಿದವರಿಗೆ ಆ ವಿಶ್ವಾಸ ನಿಜವಾಗಿಯೂ ಬಲ ಕೊಡುತ್ತದೆ. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ನಂಬಿದವರ ಸ್ಥಿತಿ ಹದಗೆಡುತ್ತದೆ. ಒಂದೇ ಚರ್ಚು, ಒಂದೇ ಬೈಬಲ್; ಫಲ ಮಾತ್ರ ತದ್ವಿರುದ್ಧ. ಹಾಗಾಗಿ ಮಗು ಪ್ರಾರ್ಥಿಸುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಆ ಮಗುವಿಗೆ ನಾವು ಎಂಥ ದೇವರನ್ನು ಪರಿಚಯಿಸಿದ್ದೇವೆ ಎಂಬುದೇ ನಿಜವಾದ ಪ್ರಶ್ನೆ.

ಬೈಬಲ್ಲಿನಲ್ಲೇ ಇದಕ್ಕೆ ಉತ್ತರವಿದೆ, ನಾವು ಓದುವುದಿಲ್ಲ ಅಷ್ಟೆ. ಮೊದಲನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯವನ್ನು ನಿಧಾನವಾಗಿ ನೋಡಿ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಇಡೀ ನಾಡೇ ಬೆರಗಾಗುವಂಥ ಜಯ ಗಳಿಸಿದ ಮರುಕ್ಷಣವೇ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಜೊತೆಗಿದ್ದ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಅಡವಿಗೆ ಹೋಗುತ್ತಾನೆ. ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನೇ ಕೇಳುತ್ತಾನೆ. ಆಮೇಲೆ ನಡೆಯುವುದನ್ನು ಗಮನಿಸಬೇಕು. ದೇವದೂತ ಬಂದು ಬೈಯುವುದಿಲ್ಲ. ಇಷ್ಟು ದೊಡ್ಡ ಪ್ರವಾದಿಯಾಗಿ ಹೀಗೆ ಮಾತನಾಡಬಹುದೇ ಎಂದು ನಾಚಿಕೆಪಡಿಸುವುದಿಲ್ಲ. ಮೈಮುಟ್ಟಿ ಎಬ್ಬಿಸುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ, ದೂತ ಮಲಗಲು ಬಿಡುತ್ತಾನೆ. ಎರಡನೆಯ ಸಲವೂ ಎಬ್ಬಿಸಿ ಊಟ ಕೊಡುತ್ತಾನೆ, ಮುಂದಿನ ದಾರಿ ದೂರವಿದೆ ಎಂಬುದನ್ನು ನೆನಪಿಸುತ್ತಾನೆ. ಉಪದೇಶವಿಲ್ಲ. ನಿದ್ದೆ, ಊಟ, ಸ್ಪರ್ಶ. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಕೇಳಿಸುವುದು ನಲವತ್ತು ಹಗಲು, ನಲವತ್ತು ರಾತ್ರಿ ಕಳೆದ ಮೇಲೆ. ಅದೂ ಬಿರುಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲಲ್ಲ, ಮೆಲುದನಿಯಲ್ಲಿ. ಅಷ್ಟಾದ ಮೇಲೆ ಎಲೀಯನಿಗೆ ಸಿಗುವುದು ಎರಡು: ಮಾಡಲು ಕೆಲಸ, ಜೊತೆಗೆ ಎಲೀಷನೆಂಬ ಸಂಗಾತಿ.

ಇಂದಿನ ಮನೋವೈದ್ಯರು ಮೊದಲು ಕೇಳುವುದೂ ಇದನ್ನೇ: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಜೊತೆಗೆ ಯಾರಿದ್ದಾರೆ? ಯೋಬನ ಗೋಳು, 88ನೆಯ ಕೀರ್ತನೆಯ ಕತ್ತಲೆ, ಗೆತ್ಸೆಮನೆ ತೋಟದಲ್ಲಿ ಯೇಸು ಪಟ್ಟ ಸಂಕಟ, ಆಗ ಎಚ್ಚರವಾಗಿರಿ ಎಂದು ಗೆಳೆಯರನ್ನು ಅವರು ಕೇಳಿಕೊಂಡದ್ದು, ಇವನ್ನೆಲ್ಲ ಗ್ರಂಥದಿಂದ ತೆಗೆದುಹಾಕದೆ ಉಳಿಸಿಕೊಂಡ ಧರ್ಮ ಇದು. ಅಂಥ ಧರ್ಮದ ಮಕ್ಕಳಿಗೆ ಸದಾ ಹರ್ಷದಿಂದಿರುವುದೇ ವಿಶ್ವಾಸದ ಗುರುತು ಎಂದು ಕಲಿಸುವುದು ಅನ್ಯಾಯ.

ಇನ್ನೊಂದು ಬಗೆಯ ನರಳಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಭಕ್ತ ಮಕ್ಕಳನ್ನೇ ಹುಡುಕಿ ಹಿಡಿಯುತ್ತದೆ, ಹೊರಗಿನವರಿಗೆ ಭಕ್ತಿಯಂತೆಯೇ ಕಾಣುತ್ತದೆ. ಜಪಸರ ಹಿಡಿದ ಹುಡುಗಿಯ ತಲೆಯಲ್ಲಿ ಬೇಡದ, ಹೊಲಸು, ದೇವದೂಷಣೆಯ ಯೋಚನೆ ಹಾದುಹೋಗುತ್ತದೆ. ಅವಳು ಬೆಚ್ಚಿ ಜಪವನ್ನು ಮೊದಲಿನಿಂದ ಶುರುಮಾಡುತ್ತಾಳೆ. ಮತ್ತೆ ಬರುತ್ತದೆ, ಮತ್ತೆ ಮೊದಲಿನಿಂದ. ಪಾಪನಿವೇದನೆ ಮಾಡಿ ಹೊರಬಂದ ಕೂಡಲೇ ಒಂದು ಮಾತು ಬಿಟ್ಟುಹೋಯಿತೇನೋ ಎಂಬ ಸಂಶಯ. ತಿರುಗಿ ಸಾಲಿನಲ್ಲಿ ನಿಲ್ಲುತ್ತಾಳೆ. ಪರಪ್ರಸಾದ ಸ್ವೀಕರಿಸಲು ನಡುಕ. ಮನೆಯವರು ಮಗಳ ದೈವಭಕ್ತಿ ಕಂಡು ಹಿಗ್ಗುತ್ತಾರೆ. ಇದು ಗೀಳುರೋಗದ ಒಂದು ರೂಪ. ಯೋಚನೆ ಬಂದದ್ದು ಪಾಪವಲ್ಲ, ಬೇಡವೆನ್ನಿಸಿದರೂ ನುಗ್ಗಿ ಬರುವುದೇ ಆ ಕಾಯಿಲೆಯ ಲಕ್ಷಣ. ಇದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ, ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ.

ನಮ್ಮಲ್ಲಿ ಎಷ್ಟೋ ಶಾಲೆಗಳು ಲಿಟಲ್ ಫ್ಲವರ್ ಎಂಬ ಹೆಸರು ಹೊತ್ತಿವೆ. ಆ ಹೆಸರಿನ ಸಂತ, ಫ್ರಾನ್ಸಿನ ಲಿಸ್ಯೂ ಪಟ್ಟಣದ ತೆರೇಸಾ, ಹುಟ್ಟಿದ್ದು 1873ರಲ್ಲಿ. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡರು. ಹತ್ತರ ವಯಸ್ಸಿನಲ್ಲಿ ನಡುಕ, ಭ್ರಮೆಗಳ ಕಠಿಣ ಕಾಯಿಲೆ. ಹನ್ನೆರಡರಲ್ಲಿ, 1885ರಲ್ಲಿ, ಮೇಲೆ ಹೇಳಿದ ಪಾಪಭೀತಿಯೇ ಅಂಟಿಕೊಂಡು ಸುಮಾರು ಒಂದೂವರೆ ವರ್ಷ ಕಾಡಿತು. ಆಗ ಅವಳನ್ನು ಹಿಡಿದು ನಿಲ್ಲಿಸಿದ್ದು ಅಕ್ಕ ಮೇರಿ. ತಂಗಿ ತನ್ನ ಭಯವನ್ನೆಲ್ಲ ದಿನವೂ ಅಕ್ಕನ ಮುಂದೆ ಸುರಿಯುತ್ತಿದ್ದಳು. ಯಾವುದನ್ನು ಗುರುಗಳಿಗೆ ಹೇಳಬೇಕು, ಯಾವುದು ಹೇಳಬೇಕಾಗಿಯೇ ಇಲ್ಲ ಎಂದು ಅಕ್ಕ ಬಿಡಿಸಿ ಹೇಳುತ್ತಿದ್ದಳು. ತೆರೇಸಾಳ ತಂದೆ ಲೂಯಿ ಮಾರ್ಟಿನ್ ಅವರದು ಇನ್ನೂ ಗಾಢ ಕತೆ. ಮನಸ್ಸಿನ ಸ್ಥಿಮಿತ ತಪ್ಪಿದ ಅವರನ್ನು 1889ರಲ್ಲಿ ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು; ಮೂರು ವರ್ಷ ಅಲ್ಲಿದ್ದರು. ಊರವರು ಆಡಿಕೊಂಡ ಮಾತು ಮಗಳ ಕಿವಿಗೂ ಬಿತ್ತು. ಅದೇ ಲೂಯಿ ಮಾರ್ಟಿನ್ ಅವರನ್ನು ಕಥೋಲಿಕ ಧರ್ಮಸಭೆ 2015ರಲ್ಲಿ ಸಂತರೆಂದು ಘೋಷಿಸಿತು. ಮಾನಸಿಕ ಆಸ್ಪತ್ರೆಯ ಹಾಸಿಗೆಯಲ್ಲಿ ಮೂರು ವರ್ಷ ಕಳೆದ ಮನುಷ್ಯನಿಗೆ ಪೀಠದ ಮೇಲೆ ಜಾಗ ಸಿಕ್ಕಿದೆ. ನಮ್ಮ ಮನೆಯ ಮಗ ಮನೋವೈದ್ಯರ ಬಾಗಿಲಲ್ಲಿ ಕುಳಿತರೆ ಯಾರ ಮಾನ ಹೋಗುತ್ತದೆ?

ಬೆಲ್ಜಿಯಂನ ಗೀಲ್ ಎಂಬ ಊರಿನವರಂತೂ ಶತಮಾನಗಳ ಹಿಂದೆಯೇ ದಾರಿ ತೋರಿದ್ದಾರೆ. ಎಳೆಯ ವಯಸ್ಸಿನಲ್ಲೇ ಹತಳಾದಳೆಂದು ಐತಿಹ್ಯ ಹೇಳುವ ಸಂತ ಡಿಂಫ್ನಾಳ ಗುಡಿಗೆ ಮನೋರೋಗಿಗಳನ್ನು ಕರೆತರುತ್ತಿದ್ದರು. ಗುಡಿಯಲ್ಲಿ ಜಾಗ ಸಾಲದಾದಾಗ ಊರಿನ ಸಂಸಾರಸ್ಥರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಆ ಪದ್ಧತಿ ಇಂದಿಗೂ ಇದೆ, ಈಗ ಆಸ್ಪತ್ರೆಯ ಉಸ್ತುವಾರಿಯಲ್ಲಿ. ಹರಕೆಯ ಜಾಗವೂ ಆಸ್ಪತ್ರೆಯೂ ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ಕೊಡುವ ಕ್ರಮವನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಮಂಗಳೂರಿನ ಫಾದರ್ ಮುಲ್ಲರ್, ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಕ್ರೈಸ್ತರೇ ಕಟ್ಟಿದ ಆಸ್ಪತ್ರೆಗಳು ಇವು. ಆದರೂ ಕೆಲವು ಸಭೆಗಳಲ್ಲಿ ಇನ್ನೂ "ಮಾತ್ರೆ ಬಿಟ್ಟು ವಿಶ್ವಾಸ ಇಡು" ಎಂಬ ಮಾತು ಕೇಳುತ್ತಿದೆ.

ಈ ಮಾತು ಅಪಾಯಕಾರಿ. ಖಿನ್ನತೆಯ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಎಳೆಯರಲ್ಲಿ ಮೊದಲ ಕೆಲವು ವಾರ ಚಡಪಡಿಕೆ, ಸಾಯುವ ಯೋಚನೆ ಹೆಚ್ಚುವ ಸಂಭವವೂ ಇರುವುದರಿಂದ ಮನೆಯವರು ಹತ್ತಿರದಿಂದ ನೋಡಿಕೊಳ್ಳಬೇಕು, ವೈದ್ಯರನ್ನು ಹೇಳಿದ ದಿನ ತಪ್ಪದೆ ಕಾಣಬೇಕು. ಗುಣವಾಯಿತೆಂದು ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಎಲ್ಲರಿಗೂ ಮಾತ್ರೆಯೇ ಬೇಕೆಂದೂ ಇಲ್ಲ. ಹಗುರ ಸ್ಥಿತಿಯಲ್ಲಿ ಆಪ್ತಸಮಾಲೋಚನೆಯೇ ಸಾಕಾಗಬಹುದು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಪ್ರಾರ್ಥನಾ ಕೂಟದ ಮುಖಂಡರಲ್ಲ.

ದೆವ್ವ ಬಿಡಿಸುವ ವಿಷಯದಲ್ಲೂ ಧರ್ಮಸಭೆಯ ನಿಯಮ ಜನ ತಿಳಿದುಕೊಂಡದ್ದಕ್ಕಿಂತ ಎಚ್ಚರದ್ದು. ಕಥೋಲಿಕ ಕಾನೂನಿನ ಪ್ರಕಾರ ಬಿಷಪ್ಪರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಭೂತೋಚ್ಚಾಟನೆಯ ವಿಧಿ ನಡೆಸುವಂತಿಲ್ಲ. ಅದಕ್ಕೆ ಮುನ್ನ ಇದು ಕಾಯಿಲೆಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಕಾಯಿಲೆಯ ಆರೈಕೆ ವೈದ್ಯಶಾಸ್ತ್ರದ ಕೆಲಸ ಎಂದು ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ತಮ್ಮ ಕೈಯಾರೆ ಜೀವ ಕಳೆದುಕೊಂಡವರ ಬಗ್ಗೆಯೂ ನಿಲುವು ಮೃದುವಾಗಿದೆ. ಧರ್ಮಸಭೆಯ 1917ರ ಕಾನೂನು ಅವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. ತೀವ್ರ ಮಾನಸಿಕ ಯಾತನೆಯಲ್ಲಿ ಮನುಷ್ಯನ ಹೊಣೆ ತಗ್ಗುತ್ತದೆ ಎಂದು ಒಪ್ಪಿಕೊಂಡ ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ದೇಶದ ಕಾನೂನೂ ಹಾಗೆಯೇ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಸೆಕ್ಷನ್, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರನ್ನು ಶಿಕ್ಷಿಸದೆ ಆರೈಕೆ ಕೊಡಬೇಕು ಎನ್ನುತ್ತದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ತಡಮಾಡುವ ಕಾರಣ ಈಗಿಲ್ಲ.

ಗುರುಗಳ ಎದುರು ಇರುವ ಒಂದು ಇಕ್ಕಟ್ಟನ್ನು ಜನಸಾಮಾನ್ಯರು ಅಷ್ಟಾಗಿ ಬಲ್ಲವರಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಹುಡುಗನೊಬ್ಬ ಪಾಪನಿವೇದನೆಯ ಪೆಟ್ಟಿಗೆಯೊಳಗೆ ಸಾಯಬೇಕೆನ್ನಿಸುತ್ತಿದೆ ಎಂದರೆ? ಗುರು ಮಾಡಬಹುದಾದದ್ದು, ಮಾಡಲೇಬೇಕಾದದ್ದು ಒಂದು: ಇದು ಪಾಪವಲ್ಲ ಮಗು, ಇದು ನೋವು, ಹೊರಗೆ ಬಂದು ಇದೇ ಮಾತನ್ನು ನನಗೆ ಇನ್ನೊಮ್ಮೆ ಹೇಳು, ನಾವಿಬ್ಬರೂ ಸೇರಿ ನಿನ್ನ ಮನೆಯವರಿಗೆ ತಿಳಿಸೋಣ ಎಂದು ಪ್ರೀತಿಯಿಂದ ಒತ್ತಾಯಿಸುವುದು. ಸಂಡೇ ಸ್ಕೂಲಿನ ಟೀಚರಿಗೆ, ಯುವಜನ ಕೂಟದ ಅಣ್ಣನಿಗೆ, ಪಾಸ್ಟರಮ್ಮನಿಗೆ ಇಂಥ ಗೌಪ್ಯತೆಯ ಕಟ್ಟಿಲ್ಲ. ಅವರು ನೇರವಾಗಿ ಕೇಳಬಹುದು. ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಹೆದರಿಕೆ ಸುಳ್ಳು. ಕೇಳಿದರೆ ಮಗುವಿಗೆ ಎದೆ ಹಗುರಾಗುತ್ತದೆ. ಹೌದು ಎಂದರೆ ಆ ಮಗುವನ್ನು ಒಂಟಿಯಾಗಿ ಬಿಡಬಾರದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. ನೋವಿನ ಹಿಂದೆ ಯಾರದಾದರೂ ದೌರ್ಜನ್ಯವಿದ್ದರೆ, ಆ ವ್ಯಕ್ತಿ ಮನೆಯವನಾಗಲಿ ಚರ್ಚಿನವನಾಗಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಅದು ಲೈಂಗಿಕ ದೌರ್ಜನ್ಯವಾದರೆ, ಸಭೆಯ ಮರ್ಯಾದೆಗೆಂದು ಮುಚ್ಚಿಡುವವರನ್ನು ಪೋಕ್ಸೊ ಕಾಯ್ದೆಯೂ ಕ್ಷಮಿಸುವುದಿಲ್ಲ.

ಚಿಕಿತ್ಸೆ ಎಲ್ಲಿದೆ? ಈ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ನಂಟಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಪ್ರಯೋಗಿಸಿದ್ದು ಆಗ ನೆರೆಯಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಸಿಗಬೇಕೆಂಬ ಆ ಮಾದರಿ 1996ರಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ಜಾರಿಗೆ ಬರತೊಡಗಿತು. ಆದರೂ ಭದ್ರಾ ನಾಲೆಯ ಕೊನೆಭಾಗದ ಹೊಲಗಳಿಗೆ ನೀರು ಮುಟ್ಟುವ ಹೊತ್ತಿಗೆ ಹೇಗೆ ಸೊರಗಿರುತ್ತದೋ, ಈ ಸೌಲಭ್ಯವೂ ಹಳ್ಳಿಗೆ ಬರುವಷ್ಟರಲ್ಲಿ ಹಾಗೆಯೇ ಸೊರಗಿದೆ. ಇರುವುದನ್ನಾದರೂ ಬಳಸಿಕೊಳ್ಳಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಮೊದಲ ಭೇಟಿಯಲ್ಲಿ ಭಯಪಡುವಂಥದ್ದೇನೂ ನಡೆಯುವುದಿಲ್ಲ. ಮನೆಯವರ ಜೊತೆ ಒಂದಿಷ್ಟು ಮಾತು, ಮಗುವಿನ ಜೊತೆ ಪ್ರತ್ಯೇಕವಾಗಿ ಒಂದಿಷ್ಟು ಮಾತು, ಬೇಕೆನ್ನಿಸಿದರೆ ಥೈರಾಯ್ಡ್, ರಕ್ತಹೀನತೆಗಳ ತಪಾಸಣೆ.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೂ ಧೈರ್ಯ ಸಾಲದಿದ್ದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಸಹಾಯವಾಣಿಯ ಸಂಖ್ಯೆ 14416. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡವನ್ನು ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತನಾಡುತ್ತಾರೆ, ಅಗತ್ಯವಿದ್ದರೆ ಕರೆಯನ್ನು ತಜ್ಞರಿಗೆ ದಾಟಿಸುತ್ತಾರೆ. ಹಾಸ್ಟೆಲ್ ಹುಡುಗಿಗೆ ರಾತ್ರಿ ಎರಡು ಗಂಟೆಗೆ ಮಾತನಾಡಲು ಯಾರೂ ಇಲ್ಲದಾಗ ಈ ಐದು ಅಂಕಿಗಳು ಗೊತ್ತಿದ್ದರೆ ಸಾಕು.

ಗುರುಗಳಲ್ಲಿ, ಪಾಸ್ಟರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಭಾನುವಾರ ಆರಾಧನೆಯ ಕೊನೆಯಲ್ಲಿ ಮದುವೆಯ ಪ್ರಕಟಣೆ ಓದುತ್ತೀರಿ, ಕೂಟಗಳ ಸಮಯ ಹೇಳುತ್ತೀರಿ, ಕಾಯಿಲೆಯವರ ಹೆಸರು ಹಿಡಿದು ಪ್ರಾರ್ಥಿಸುತ್ತೀರಿ. ಈ ಭಾನುವಾರ ಅದರ ಜೊತೆಗೆ ಮನಸ್ಸು ನೊಂದ ಮಕ್ಕಳಿಗಾಗಿಯೂ ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿ. ಪ್ರಾರ್ಥನೆ ಮುಗಿದ ಮೇಲೆ 14416 ಎಂಬ ಸಂಖ್ಯೆಯನ್ನು ಎರಡು ಸಲ ಓದಿ ಹೇಳಿ, ಸೂಚನಾಫಲಕದ ಮೇಲೂ ಬರೆಸಿ.